ನೆರವಿಗೆ ಬಂದ ಕತ್ತಿ

ಅರಸು ಕೆಟ್ಟವನಾದರೆ ಪ್ರಜೆಗಳು ಏನು ಮಾಡಬೇಕು? ಅವನನ್ನು ಇಳಿಸುವುದು ತಮ್ಮ ಕೈಯಲ್ಲಾಗದಿದ್ದರೆ ಹೊರಗಿನವರನ್ನು ಕರೆಯಬಹುದೇ? ಎಲ್ಲ ಜನಾಂಗಗಳ ರಾಜನೀತಿಯನ್ನೂ ಕಾಡಿದ ಪ್ರಶ್ನೆಯಿದು. ಇಸ್ಲಾಮಿನ ಧರ್ಮಶಾಸ್ತ್ರಜ್ಞರು ಇದನ್ನು ಬಹು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಆದರೆ ಶಾಸ್ತ್ರವನ್ನು ಬರಿಯ ಶಾಸ್ತ್ರವಾಗಿ ಓದಿದರೆ ಅದರ ಕಾವು ನಮಗೆ ತಟ್ಟುವುದಿಲ್ಲ. 11ನೆಯ ಶತಮಾನದ ಸ್ಪೇನಿನಲ್ಲಿ ಈ ಶಾಸ್ತ್ರ ಒರೆಗೆ ಹಚ್ಚಲ್ಪಟ್ಟಿತು. ಆ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಶಾಸ್ತ್ರದ ಮಾತು. 624ರಲ್ಲಿ ಪೈಗಂಬರ ಮಹಮ್ಮದರು ಬದರ್ ಯುದ್ಧಕ್ಕೆ ಹೊರಟಿದ್ದಾಗ ಹೆಸರಾಂತ ವೀರನೊಬ್ಬ ಬಂದು ತಾನೂ ಜೊತೆಗೂಡುವೆನೆಂದ. ಅವನು ತಮ್ಮ ಧರ್ಮವನ್ನು ನಂಬಿದವನಲ್ಲವೆಂದು ತಿಳಿದು ಪೈಗಂಬರರು ಅವನನ್ನು ಹಿಂದಕ್ಕೆ ಕಳುಹಿದರು. ನಂಬಿದ ಮೇಲೆಯೇ ಸೇರಿಸಿಕೊಂಡರು. ಅನ್ಯಮತೀಯರ ನೆರವು ಕೂಡದೆನ್ನುವವರಿಗೆ ಇದು ಆಧಾರ. ಆದರೆ 622ರಲ್ಲಿ ಅವರು ಮಕ್ಕಾದಿಂದ ಮದೀನಾಕ್ಕೆ ಹೊರಟಾಗ ದಾರಿ ತೋರಿದ ಅಬ್ದುಲ್ಲಾ ಬಿನ್ ಉರೈಕಿತ್ ಮುಸಲ್ಮಾನನಲ್ಲ. 630ರ ಹುನೈನ್ ಯುದ್ಧಕ್ಕೆ ಕವಚಗಳನ್ನು ಎರವಲು ಕೊಟ್ಟ ಸಫ್ವಾನನೂ ಆಗಿನ್ನೂ ಮುಸಲ್ಮಾನನಾಗಿರಲಿಲ್ಲ. ಕೂಡಬಹುದೆನ್ನುವವರಿಗೆ ಇವು ಆಧಾರ. ಹೀಗೆ ಮಾಲಿಕೀ ಪಂಥದವರು ಬಿಗಿ ಹಿಡಿದರೆ, ಹನಫೀ ಮತ್ತು ಶಾಫಿಈ ಪಂಥದವರು ಷರತ್ತು ಹಾಕಿ ಒಪ್ಪಿದರು. ಅಗತ್ಯ ನಿಜವಾಗಿರಬೇಕು; ಬಂದವನು ನಂಬಿಕೆಗೆ ಅರ್ಹನಾಗಿರಬೇಕು; ಕೊನೆಯವರೆಗೂ ಆಜ್ಞೆ ಕರೆದವನದೇ ನಡೆಯಬೇಕು. ಮುಸಲ್ಮಾನರು ಮುಸಲ್ಮಾನರ ಮೇಲೆಯೇ ಅನ್ಯರನ್ನು ಕರೆತರುವ ಪ್ರಸಂಗದಲ್ಲಿ ಶಾಫಿಈಗಳೂ ಬೇಡವೆಂದರು. ಹನಫೀಗಳು ಆ ಕೊನೆಯ ಷರತ್ತನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಇಷ್ಟಕ್ಕೂ ದಂಗೆಯೆದ್ದು ರಕ್ತ ಹರಿಸುವುದಕ್ಕಿಂತ ಕೆಟ್ಟ ಅರಸನನ್ನು ಸಹಿಸಿಕೊಳ್ಳುವುದೇ ಮೇಲೆಂದು ಬಹುಮಂದಿ ಪಂಡಿತರ ಮತ.

ಇನ್ನು ಸ್ಪೇನಿಗೆ ಬರೋಣ. 1031ರಲ್ಲಿ ಕಾರ್ಡೊಬಾದ ಖಲೀಫರ ಆಳ್ವಿಕೆ ಮುರಿದುಬಿತ್ತು. ಒಂದು ರಾಜ್ಯವಿದ್ದಲ್ಲಿ ಹಲವಾರು ತುಂಡರಸರ ರಾಜ್ಯಗಳು ಹುಟ್ಟಿಕೊಂಡವು. ಪ್ರಜೆಗಳು ಮಾಲಿಕೀ ಪಂಥದವರು, ಎಂದರೆ ಹೊರಗಿನ ನೆರವಿನ ವಿಚಾರದಲ್ಲಿ ಬಲು ಬಿಗಿಯಾದವರು. ಅರಸರಾದರೋ ಒಬ್ಬರನ್ನೊಬ್ಬರು ತುಳಿಯಲು ಉತ್ತರದ ಕ್ರೈಸ್ತ ರಾಜರ ಬಾಗಿಲು ಕಾಯುವವರು. ಅಧಿಕಾರ ಉಳಿಯುವುದಾದರೆ ಇವರು ಶಿಲುಬೆಯನ್ನು ಪೂಜಿಸಲೂ ಹಿಂದೆಗೆಯರೆಂದು ಕಾರ್ಡೊಬಾದ ಮಹಾಪಂಡಿತ ಇಬ್ನ್ ಹಜ್ಮ್ ಬರೆದ. 1064ರಲ್ಲಿ ಕಾಲವಾದ ಆತ ಮುಂದಿನದನ್ನು ನೋಡಲಿಲ್ಲ.

ಮುಂದಿನದು ಟೊಲೆಡೋ ನಗರದಲ್ಲಿ ನಡೆಯಿತು. ಅಲ್ಲಿನ ಅರಸ ಅಲ್-ಕಾದಿರನನ್ನು ಪ್ರಜೆಗಳು 1080ರ ಸುಮಾರಿಗೆ ಓಡಿಸಿದರು. ಆತ ಕ್ಯಾಸ್ಟೀಲಿನ ರಾಜ ಆರನೆಯ ಆಲ್ಫಾನ್ಸೋನ ಮೊರೆಹೊಕ್ಕ. ಅವನ ಬಲದಿಂದ ಮತ್ತೆ ಗದ್ದುಗೆಯೇರಿದ. ಅದರ ಬೆಲೆಯನ್ನು ತೆತ್ತವರು ಮಾತ್ರ ಪ್ರಜೆಗಳು. ಕೊನೆಗೆ 1085ರಲ್ಲಿ ಟೊಲೆಡೋ ನಗರವೇ ಆಲ್ಫಾನ್ಸೋನ ವಶವಾಯಿತು. ಕಾದಿರನಿಗೆ ಬದಲಾಗಿ ವೆಲೆನ್ಸಿಯಾ ದೊರೆಯಿತು. ಕ್ಯಾಸ್ಟೀಲಿನ ಸೈನ್ಯವೇ ಅವನನ್ನು ಅಲ್ಲಿ ಕೂರಿಸಿತು. 1092ರಲ್ಲಿ ಅಲ್ಲಿಯ ಜನ ಖಾಜಿಯೊಬ್ಬನ ನೇತೃತ್ವದಲ್ಲಿ ದಂಗೆಯೆದ್ದು ಅವನನ್ನು ಕೊಂದರು.

ಟೊಲೆಡೋ ಬಿದ್ದುದನ್ನು ಕಂಡು ಸೆವಿಲ್ಲೆಯ ಅರಸ ಮುಅತಮಿದ್ ನಡುಗಿದ. ಆತ ಕವಿ, ರಸಿಕ. ತಾನೂ ಆಲ್ಫಾನ್ಸೋನಿಗೆ ಕಪ್ಪ ಕೊಡುತ್ತಿದ್ದವನು. ಸಮುದ್ರದಾಚೆ ಮೊರಾಕ್ಕೋದಲ್ಲಿ ಯೂಸುಫ್ ಬಿನ್ ತಾಶಫೀನ್ ಎಂಬ ಮುದಿ ಸೇನಾನಿ ಅಲ್-ಮೊರಾವಿಡರ ದೊಡ್ಡ ರಾಜ್ಯವನ್ನು ಕಟ್ಟಿದ್ದ. ಅವನನ್ನು ಕರೆಯಬೇಡವೆಂದು ಹತ್ತಿರದವರು ಎಚ್ಚರಿಸಿದಾಗ, ಕ್ಯಾಸ್ಟೀಲಿನಲ್ಲಿ ಹಂದಿ ಕಾಯುವುದಕ್ಕಿಂತ ಆಫ್ರಿಕದಲ್ಲಿ ಒಂಟೆ ಕಾಯುವುದು ಲೇಸೆಂದು ಮುಅತಮಿದ್ ಉತ್ತರಿಸಿದನೆಂದು ಪ್ರತೀತಿ. ಧರ್ಮಶಾಸ್ತ್ರದ ದೃಷ್ಟಿಯಿಂದ ಇದು ನಿರ್ದೋಷವಾದ ಕರೆ: ಮುಸಲ್ಮಾನನು ಮುಸಲ್ಮಾನನನ್ನೇ ಕರೆದುದು. ಯೂಸುಫ್ ಬಂದ. ಬರುವ ಮುನ್ನ ಅಲ್ಜೆಸಿರಾಸ್ ರೇವನ್ನು ತನಗೆ ಬಿಟ್ಟುಕೊಡಬೇಕೆಂದು ಕೇಳಿ ಪಡೆದ. 1086ರ ಅಕ್ಟೋಬರ್ 23ರಂದು ಬದಾಹೋಸ್ ನಗರದ ಬಳಿ ಜಲ್ಲಾಕಾ ಬಯಲಿನಲ್ಲಿ ಆಲ್ಫಾನ್ಸೋನನ್ನು ಸೋಲಿಸಿ, ಮಗನ ಸಾವಿನ ಸುದ್ದಿ ಕೇಳಿ ಹಿಂದಿರುಗಿದ.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯದಿದ್ದುದಕ್ಕೆ ಕಾರಣ ಯೂಸುಫನ ಆಸೆಯೊಂದೇ ಅಲ್ಲ. ಕಪ್ಪ ಕಟ್ಟಲು ಅರಸರು ಧರ್ಮಶಾಸ್ತ್ರ ಒಪ್ಪದ ತೆರಿಗೆಗಳನ್ನು ಹೇರಿದ್ದರು. ಗ್ರನಾಡದ ಅರಸ ಅಬ್ದುಲ್ಲಾನು ಜಲ್ಲಾಕಾದ ಜಯದ ಬಳಿಕವೂ ಆಲ್ಫಾನ್ಸೋನಿಗೆ ಮೂರು ವರ್ಷದ ಬಾಕಿಯೆಂದು 30,000 ಚಿನ್ನದ ನಾಣ್ಯ ತೆತ್ತ. ಅಲ್ಲಿನ ಪಂಡಿತರೂ ಜನಸಾಮಾನ್ಯರೂ ಯೂಸುಫನ ಕಡೆಗೆ ನೋಡಿದುದರಲ್ಲಿ ಆಶ್ಚರ್ಯವೇನಿದೆ? ಅನ್ಯಾಯದ ತೆರಿಗೆ ಹೇರಿ, ಕ್ರೈಸ್ತರೊಡನೆ ಕೂಡಿದ ಈ ಅರಸರನ್ನು ಪದಚ್ಯುತಗೊಳಿಸಬಹುದೆಂದು ಸ್ಪೇನಿನ ಪಂಡಿತರು ಫತ್ವಾ ಕೊಟ್ಟರು. ಬಳಿಕ ಪೂರ್ವದೇಶದ ಸುಪ್ರಸಿದ್ಧ ಪಂಡಿತ ಗಜಾಲಿಯೂ ಯೂಸುಫನ ಪಕ್ಷವನ್ನು ಸಮರ್ಥಿಸಿ ಬರೆದುಕೊಟ್ಟ. 1090ರಲ್ಲಿ ಗ್ರನಾಡ ಹೋಯಿತು. ಆಗ ಮುಅತಮಿದ್ ಮಾಡಿದ್ದೇನು? ಯಾರ ಭಯದಿಂದ ಯೂಸುಫನನ್ನು ಕರೆದಿದ್ದನೋ ಅದೇ ಆಲ್ಫಾನ್ಸೋನನ್ನು ಯೂಸುಫನ ವಿರುದ್ಧ ನೆರವಿಗೆ ಕರೆದ! ಕ್ಯಾಸ್ಟೀಲಿನ ದಳ ಬಂದು ಸೋತಿತು. 1091ರಲ್ಲಿ ಸೆವಿಲ್ಲೆ ಬಿತ್ತು. ಅವನ ಮೇಲಿನ ಆರೋಪಕ್ಕೆ ಅವನೇ ಸಾಕ್ಷ್ಯ ಒದಗಿಸಿದಂತಾಯಿತು.

ಇಬ್ಬರು ಅರಸರನ್ನೂ ಮರ್ರಾಕೆಶ್ ಬಳಿಯ ಅಗ್ಮಾತಿಗೆ ಗಡೀಪಾರು ಮಾಡಿದರು. ಮುಅತಮಿದ್ ಅಲ್ಲಿ ತನ್ನ ದುಃಖವನ್ನು ಕಾವ್ಯವಾಗಿಸಿ 1095ರಲ್ಲಿ ತೀರಿಕೊಂಡ. ಅರಮನೆಯ ಹೆಣ್ಣುಮಕ್ಕಳು ನೂಲು ನೂತು ಹೊಟ್ಟೆ ಹೊರೆಯುವಂತಾಯಿತು. ಅಬ್ದುಲ್ಲಾ ತನ್ನ ಆತ್ಮಚರಿತ್ರೆ ಬರೆದ; ಅದರ ಹಸ್ತಪ್ರತಿ ಫೆಜ್ ನಗರದ ಮಸೀದಿಯೊಂದರ ಗ್ರಂಥಭಂಡಾರದಲ್ಲಿ 20ನೆಯ ಶತಮಾನದಲ್ಲಿ ದೊರೆಯಿತು. ಅದನ್ನು ಓದುವಾಗ ನನಗೆ ಕಾಣುವವನು ಧರ್ಮದ್ರೋಹಿಯಲ್ಲ, ಎರಡು ಕತ್ತಿಗಳ ನಡುವೆ ಸಿಕ್ಕಿಕೊಂಡ ಭಯಗ್ರಸ್ತ ಮನುಷ್ಯ.

ಹಾಗಾದರೆ ಯೂಸುಫನಿಂದ ಪ್ರಜೆಗಳಿಗೆ ಸುಖವಾಯಿತೇ? ಆತ ಅನ್ಯಾಯದ ತೆರಿಗೆಗಳನ್ನು ತೆಗೆದುಹಾಕಿದ್ದು ನಿಜ. ಆದರೆ ಅವನ ಮಗ ಅಲಿಯ ಕಾಲಕ್ಕೆ ತೆರಿಗೆಗಳು ಮರಳಿ ಬಂದವು. ಕ್ರೈಸ್ತರ ನೆರವು ಪಡೆದರೆಂದು ಅರಸರನ್ನು ಇಳಿಸಿದ ಮನೆತನವೇ ಮೊರಾಕ್ಕೋದಲ್ಲಿ ಕ್ರೈಸ್ತ ಕೂಲಿಸೈನ್ಯವನ್ನು ಇಟ್ಟುಕೊಂಡಿತು.

ಹೋಗುವ ಮಾರಿಯನ್ನು ಮನೆಗೆ ಕರೆದರೆಂದು ಗಾದೆ ಹೇಳಿ ಮುಗಿಸುವುದು ಸುಲಭ. ನನಗೆ ಹಾಗೆನ್ನಿಸುವುದಿಲ್ಲ, ಗ್ರನಾಡದ ರೈತನಿಗೆ ಮನೆಯೊಳಗಿನ ಅರಸನೇ ಮಾರಿಯಾಗಿದ್ದ. ನನ್ನ ಗಮನಕ್ಕೆ ಬರುವುದು ಇನ್ನೊಂದು ವಿಷಯ. ಪಂಡಿತರು ನೆರವಿಗೆ ಬರುವವನ ಮತ ಯಾವುದೆಂದು ಬಹಳ ವಾದಿಸಿದರು. ಆದರೆ ಕಾದಿರನನ್ನು ಕ್ರೈಸ್ತ ಮಿತ್ರ ನುಂಗಿದ, ಮುಅತಮಿದನನ್ನು ಮುಸಲ್ಮಾನ ಮಿತ್ರ ನುಂಗಿದ. ಇಬ್ಬರ ವಿಷಯದಲ್ಲೂ ಮುರಿದುಬಿದ್ದುದು ಆ ಕೊನೆಯ ಷರತ್ತು: ಆಜ್ಞೆ ಕರೆದವನದೇ ನಡೆಯಬೇಕು ಎಂಬುದು. ದುರ್ಬಲನಾದುದರಿಂದಲೇ ಕರೆಯುವವನು ಬಂದ ಬಲಿಷ್ಠನಿಗೆ ಆಜ್ಞೆ ಮಾಡುವುದು ಹೇಗೆ?

ಈ ವಾದ ಹಳೆಯದಾಗಿಲ್ಲ. 1990ರಲ್ಲಿ ಇರಾಕು ಕುವೈತನ್ನು ನುಂಗಿದಾಗ ಸೌದಿ ಅರೇಬಿಯದ ಹಿರಿಯ ಪಂಡಿತರು ಅಮೆರಿಕದ ಸೈನ್ಯವನ್ನು ಕರೆಯಬಹುದೆಂದು ಒಪ್ಪಿಗೆ ಕೊಟ್ಟರು. ಬೇರೆ ಪಂಡಿತರು ಅದನ್ನು ಕಟುವಾಗಿ ವಿರೋಧಿಸಿದರು. ಅದು ದೇಶರಕ್ಷಣೆಯ ಮಾತಾಯಿತು. 2003ರಲ್ಲಾದರೋ ಸರಕಾರವನ್ನೇ ಬದಲಿಸುವ ಮಾತು: ಸದ್ದಾಮ್ ಹುಸೇನನನ್ನು ಇಳಿಸಲು ಇರಾಕಿನ ದೇಶಾಂತರಿ ನಾಯಕರಲ್ಲಿ ಹಲವರು ಅಮೆರಿಕದ ಬಲವನ್ನೇ ನೆಚ್ಚಿದರು. ಸದ್ದಾಮ್ ಕೆಲವೇ ವಾರಗಳಲ್ಲಿ ಬಿದ್ದ. ಸೈನ್ಯ ಹೊರಟದ್ದು 2011ರ ಡಿಸೆಂಬರಿನಲ್ಲಿ. ಕರೆಯುವ ಹಕ್ಕು ಯಾರಿಗಿದೆಯೆಂಬುದನ್ನು ಪಂಡಿತರು ಸಾವಿರ ವರ್ಷಗಳಿಂದ ಚರ್ಚಿಸುತ್ತ ಬಂದಿದ್ದಾರೆ. ಬಂದವನನ್ನು ಕಳುಹಿಸುವ ಶಕ್ತಿ ತನಗಿದೆಯೇ ಎಂದು ಕರೆಯುವವನು ಮೊದಲು ತನ್ನನ್ನೇ ಕೇಳಿಕೊಳ್ಳಬೇಕು.