ಕಾಯಿಲೆಯವರ ಕೃತಜ್ಞತೆ: ಒಂದು ಸಂಶೋಧನೆಯ ಏಳುಬೀಳು

ಸ್ತನ ಕ್ಯಾನ್ಸರಿನ ಗಡ್ಡೆಯನ್ನಷ್ಟೇ ತೆಗೆಸಿಕೊಂಡವರು ಇಡೀ ಸ್ತನವನ್ನೇ ಕಳೆದುಕೊಂಡವರಿಗಾಗಿ ಮರುಗುತ್ತಿದ್ದರು. ವಯಸ್ಸಾದವರಿಗೆ ಎಳೆಯ ಪ್ರಾಯದ ರೋಗಿಗಳ ಚಿಂತೆ. ಗಂಡನಿರುವವರಿಗೆ ಒಂಟಿ ಹೆಂಗಸರ ಚಿಂತೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಶೆಲ್ಲಿ ಟೇಲರ್ 78 ಮಹಿಳೆಯರನ್ನು ಮಾತಾಡಿಸಿ 1983ರಲ್ಲಿ ಬರೆದ ಲೇಖನದ ಸ್ವಾರಸ್ಯವೇ ಇದು. ಯಾರೂ ಹೇಳಿಕೊಡದಿದ್ದರೂ ಬಹುತೇಕರು ತಮಗಿಂತ ಕಷ್ಟದಲ್ಲಿರುವ ಯಾರನ್ನೋ ಹುಡುಕಿಕೊಂಡು ಸಮಾಧಾನಪಟ್ಟಿದ್ದರು.

ಸಮಾಧಾನವನ್ನು ಅಭ್ಯಾಸವಾಗಿ ಕಲಿಸಬಹುದೇ ಎಂಬ ಪ್ರಶ್ನೆ ಬಂದದ್ದು ಆಮೇಲೆ.

1998ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿ ಮನಸ್ಸಿನ ಬೇನೆಗಿಂತ ನೆಮ್ಮದಿಯನ್ನು ಅಭ್ಯಸಿಸುವ ಸಕಾರಾತ್ಮಕ ಮನಶ್ಶಾಸ್ತ್ರಕ್ಕೆ ಚಾಲನೆ ಕೊಟ್ಟರು. ಐದು ವರ್ಷಗಳ ನಂತರ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ ಕೃತಜ್ಞತೆಯ ಬಗ್ಗೆ ನಡೆಸಿದ ಪ್ರಸಿದ್ಧ ಪ್ರಯೋಗ ಪ್ರಕಟವಾಯಿತು. ಅದರ ಮೊದಲೆರಡು ಭಾಗಗಳು ಕಾಲೇಜು ಹುಡುಗ ಹುಡುಗಿಯರ ಮೇಲೆ ನಡೆದವು. ತೂಕದ್ದು ಮೂರನೆಯದು: ಸ್ನಾಯು ಮತ್ತು ನರಗಳ ವಾಸಿಯಾಗದ ಕಾಯಿಲೆಗಳಿದ್ದ 65 ಮಂದಿ. ಪೋಲಿಯೊ ಬಂದುಹೋಗಿ ಎಷ್ಟೋ ವರ್ಷಗಳ ಮೇಲೆ ಮತ್ತೆ ಕೈಕಾಲು ಸೋಲುತ್ತಿದ್ದವರೂ ಅವರಲ್ಲಿದ್ದರು. ಒಂದು ಗುಂಪು 21 ದಿನ, ಪ್ರತಿದಿನವೂ, ಕೃತಜ್ಞತೆ ಹುಟ್ಟಿಸಿದ ಸಂಗತಿಗಳನ್ನು ಬರೆದಿಟ್ಟಿತು. ಇನ್ನೊಂದು ಗುಂಪಿಗೆ ಮಾಮೂಲಿ ಪ್ರಶ್ನಾವಳಿ ಮಾತ್ರ. ಬರೆದವರ ಮನಸ್ಸು ಹಗುರಾಯಿತು, ನಿದ್ದೆ ಹೆಚ್ಚಾಯಿತು, ಬೆಳಿಗ್ಗೆ ಏಳುವಾಗ ಆಯಾಸ ಕಡಿಮೆಯೆನಿಸಿತು. ಗೆಲುವು ಹೆಚ್ಚಿದ್ದನ್ನು ಅವರ ಗಂಡನೋ ಹೆಂಡತಿಯೋ ಸಹ ಗಮನಿಸಿದರು. ಆದರೆ ನೋವು ಇದ್ದಷ್ಟೇ ಇತ್ತು. ಮುಂದೆ ಈ ಪ್ರಯೋಗವನ್ನು ಉದ್ಧರಿಸಿದ ಎಷ್ಟೋ ಪುಸ್ತಕಗಳು ಈ ಕೊನೆಯ ಸಂಗತಿಯನ್ನು ಸುಮ್ಮನೆ ದಾಟಿಹೋದವು. ಅಲ್ಲಿಂದಲೇ ಎಡವಟ್ಟು ಶುರುವಾದದ್ದು.

ಅಷ್ಟರಲ್ಲಾಗಲೇ ಒಬ್ಬ ರೋಗಿ ಸಿಡಿದೆದ್ದಿದ್ದರು. ಜೀವಕೋಶಗಳ ರೋಗನಿರೋಧಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಬರಹಗಾರ್ತಿ ಬಾರ್ಬರಾ ಎರೆನ್ರೈಕ್ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತ ತಮ್ಮ ಸಿಟ್ಟು ತೋಡಿಕೊಂಡಾಗ ಸಹರೋಗಿಗಳೇ ಬುದ್ಧಿ ಹೇಳಿದ್ದರು. ಕಾಯಿಲೆಯನ್ನು ವರವೆಂದು ಹೊಗಳಬೇಕೆಂಬ ಒತ್ತಡದ ಬಗ್ಗೆ ಅವರು 2001ರಲ್ಲಿ ಲೇಖನವನ್ನೂ 2009ರಲ್ಲಿ ‘ಬ್ರೈಟ್-ಸೈಡೆಡ್’ ಪುಸ್ತಕವನ್ನೂ ಬರೆದರು. ಪ್ರಯೋಗಾಲಯಗಳಿಗೆ ಇಂಥದೊಂದು ಚಾಟಿಯೇಟು ಬೇಕಿತ್ತು.

ಆಮೇಲಿನ ಸಂಶೋಧನೆ ಹೃದ್ರೋಗಿಗಳತ್ತ ಹೊರಳಿತು. ಸ್ಯಾನ್ ಡಿಯಾಗೊದಲ್ಲಿ 70 ಹೃದ್ರೋಗಿಗಳ ಮೇಲೆ ಎಂಟು ವಾರ ನಡೆದ ಕೃತಜ್ಞತೆಯ ಡೈರಿ ಪ್ರಯೋಗದಲ್ಲಿ, ರಕ್ತದಲ್ಲಿನ ಉರಿಯೂತದ ಸೂಚಕಗಳು ಇಳಿದವೆಂದು 2016ರಲ್ಲಿ ವರದಿಯಾಯಿತು. ಆಸೆ ಚಿಗುರಿಸುವ, ಆದರೆ ಚಿಕ್ಕ ಪ್ರಯೋಗ. ಅದೇ ವರ್ಷ ಬಾಸ್ಟನ್ನಿನಲ್ಲಿ ಜೆಫ್ ಹಫ್‌ಮನ್ ತಂಡ, ತೀವ್ರ ಹೃದಯಸಮಸ್ಯೆಯಿಂದ ಆಸ್ಪತ್ರೆ ಸೇರಿದ್ದ 164 ಮಂದಿಯನ್ನು ಆರು ತಿಂಗಳು ಹಿಂಬಾಲಿಸಿದ ಫಲಿತಾಂಶ ಬಂತು. ಆಶಾವಾದಿಗಳು ಹೆಚ್ಚು ನಡೆದಾಡಿದರು, ಮತ್ತೆ ಆಸ್ಪತ್ರೆ ಸೇರಿದ್ದೂ ಕಡಿಮೆ. ಕೃತಜ್ಞತೆಗೆ ಅಂಥ ನಂಟು ಹೆಚ್ಚೇನೂ ಕಾಣಲಿಲ್ಲ.

ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಕ್ರೆಗ್ ಮತ್ತು ಜೆನಿಫರ್ ಚೀವೆನ್ಸ್ 27 ಅಧ್ಯಯನಗಳ 3,675 ಜನರ ಮಾಹಿತಿಯನ್ನು ಒಟ್ಟಿಗೆ ಅಳೆದಾಗ, ಕೃತಜ್ಞತಾ ಅಭ್ಯಾಸದಿಂದ ಖಿನ್ನತೆ ಮತ್ತು ಆತಂಕ ಇಳಿದದ್ದು ಅಲ್ಪವೇ. ಅವುಗಳಿಂದ ಬಳಲುವವರು ಇನ್ನಷ್ಟು ಗಟ್ಟಿಯಾದ ಪುರಾವೆಯಿರುವ ಚಿಕಿತ್ಸೆ ಪಡೆಯಲಿ ಎಂಬುದು ಅವರಿಬ್ಬರ ಶಿಫಾರಸು.