ಜಂಬಿಟ್ಟಿಗೆಯ ನೀರು, ಕರಿಕಲ್ಲಿನ ನೀರು

ಮಲಪ್ರಭೆ ಹುಟ್ಟುವ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸುಲಭಕ್ಕೆ ಬಿಡುವುದಿಲ್ಲ. ಆ ಮಳೆನೀರೂ ಬರೀ ನೀರಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಅದು ತೆಳು ಕಾರ್ಬಾನಿಕ್ ಆಮ್ಲವಾಗಿರುತ್ತದೆ. ಪಿಎಚ್ ಸುಮಾರು 5.6. ಮಣ್ಣಿಗಿಳಿದಾಗ ಬೇರು, ಸೂಕ್ಷ್ಮಜೀವಿಗಳ ಉಸಿರಿನಿಂದ ಹುಳಿ ಇನ್ನಷ್ಟು ಏರುತ್ತದೆ. ಕಲ್ಲನ್ನು ಕರಗಿಸುವುದು ಈ ಆಮ್ಲವೇ.

ಯಾವ ಕಲ್ಲು ಎಂಬುದು ಮುಂದಿನ ಪ್ರಶ್ನೆ. ಬೆಳಗಾವಿಯ ತಳದಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹೆಪ್ಪುಗಟ್ಟಿ ಆದ ಕರಿಕಲ್ಲು, ದಖ್ಖನ್ ಬಸಾಲ್ಟ್. ಅದರ ಖನಿಜಗಳನ್ನು ಆಮ್ಲ ಕೊರೆದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಬೈಕಾರ್ಬನೇಟ್ ಜೊತೆಗೆ ನೀರಿಗಿಳಿಯುತ್ತವೆ. ನೀರು ಗಡಸಾಗುತ್ತದೆ. ಕೆಂಪು ಕಲ್ಲಾದ ಜಂಬಿಟ್ಟಿಗೆಯ ಕಥೆ ಬೇರೆ. ಕರಗುವುದೆಲ್ಲ ಯುಗಯುಗಗಳ ಮಳೆಗೆ ತೊಳೆದುಹೋಗಿ, ಕರಗದ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳಷ್ಟೇ ಉಳಿದ ಕಲ್ಲದು. ಅದರೊಳಗಿಂದ ಬರುವ ನೀರಿಗೆ ಹೊತ್ತು ತರಲು ಹೆಚ್ಚೇನೂ ಸಿಗುವುದಿಲ್ಲ.

ಹಾಗಾದರೆ ಮಳೆಗಾಲದ ಹೊಳೆಗೆ ಕೆಂಪು ಎಲ್ಲಿಂದ? ಅದು ತೇಲುವ ಮಣ್ಣು, ಕರಗಿದ್ದಲ್ಲ. ನಿಂತರೆ ತಳ ಸೇರುತ್ತದೆ. ಆಮ್ಲಜನಕವಿಲ್ಲದ ಆಳದ ಬೋರ್‌ವೆಲ್ಲಿನಲ್ಲಿ ಮಾತ್ರ ಕಬ್ಬಿಣ ಫೆರಸ್ ರೂಪದಲ್ಲಿ ನಿಜವಾಗಿ ಕರಗಿರಬಲ್ಲದು, ಬಣ್ಣವೂ ಇಲ್ಲದೆ. ತಿಳಿಯಾಗಿ ಕೊಡ ತುಂಬಿದ ನೀರು ಗಾಳಿ ತಾಗಿದ ಮೇಲೆ ತುಕ್ಕಿನ ಬಣ್ಣಕ್ಕೆ ತಿರುಗುವುದು ಅದಕ್ಕೇ.

ಬೆಳಗಾವಿ ನಗರಕ್ಕೆ ರಾಕಸಕೊಪ್ಪ, ಹಿಡಕಲ್ ಜಲಾಶಯಗಳ ನೀರು ಬರುತ್ತದೆ. ನಳ ಬತ್ತಿ ಗಡಸು ಬೋರಿನ ನೀರು ಅಡುಗೆಮನೆಗೆ ಬಂದರೆ ಮೊದಲು ಗೊತ್ತಾಗುವುದು ತೊಗರಿಬೇಳೆಗೆ! ಕ್ಯಾಲ್ಸಿಯಂ ಅಯಾನುಗಳು ಬೇಳೆಯ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಎಷ್ಟು ಕುದಿಸಿದರೂ ಬೇಳೆ ಕರಗದು. ಅದೇ ನೀರನ್ನು ಮೊದಲೇ ಕಾಸಿದರೆ ಬೈಕಾರ್ಬನೇಟ್ ಒಡೆದು, ಸುಣ್ಣದ ಕಾರ್ಬನೇಟ್ ಹಂಡೆಯ ಒಳಮೈಗೆ ಬಿಳಿ ಪದರವಾಗಿ ಕೂರುತ್ತದೆ. ಸಲ್ಫೇಟ್, ಕ್ಲೋರೈಡ್‌ಗಳಿಂದಾದ ಗಡಸು ಕಾಸಿದರೂ ಹೋಗದು.

ಇಷ್ಟೆಲ್ಲ ವೈವಿಧ್ಯವನ್ನು, ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಒಂದೇ ಅಂಕಿಗೆ ಇಳಿಸಿಬಿಡುತ್ತದೆ. ಅಸಲಿಗೆ ಅದು ಅಳೆಯುವುದು ವಿದ್ಯುತ್ ವಾಹಕತೆಯನ್ನು. ಲೋಟಕ್ಕೆ ಚಿಟಿಕೆ ಉಪ್ಪು ಹಾಕಿದರೆ ಅಂಕಿ ನೆಗೆಯುತ್ತದೆ. ಚಮಚ ಸಕ್ಕರೆ ಕದಡಿದರೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಸಕ್ಕರೆ ಅಯಾನುಗಳಾಗಿ ಒಡೆಯುವುದಿಲ್ಲವಲ್ಲ. ಲೀಟರಿಗೆ 300 ಮಿಲಿಗ್ರಾಂ ಎಂದು ತೋರಿದರೆ ಅದು ನಿರುಪದ್ರವಿ ಸುಣ್ಣವೋ, ಗೊಬ್ಬರ, ಚರಂಡಿಗಳಿಂದ ಇಳಿದ ನೈಟ್ರೇಟೋ ತಿಳಿಯದು. ಕುಡಿಯುವ ನೀರಿನ ಭಾರತೀಯ ಮಾನಕ 10500 ಒಟ್ಟು ಲವಣಕ್ಕೆ 500 ಮಿಲಿಗ್ರಾಂ ಮಿತಿ ಹಾಕಿ, ಬೇರೆ ನೀರಿಲ್ಲದೆಡೆ 2000ದವರೆಗೆ ಬಿಟ್ಟಿದೆ. ನೈಟ್ರೇಟಿಗೆ ಮಾತ್ರ 45; ಅಲ್ಲಿ ರಿಯಾಯಿತಿಯೇ ಇಲ್ಲ. ಬೋರ್‌ವೆಲ್ ನೀರನ್ನು ಪ್ರಯೋಗಾಲಯಕ್ಕೆ ಕೊಡುವವರು ಗಡಸುತನ, ಕಬ್ಬಿಣ, ನೈಟ್ರೇಟ್‌ಗಳ ಪ್ರಮಾಣವನ್ನು ಬೇರೆಬೇರೆಯಾಗಿಯೇ ಕೇಳಿ ಪಡೆಯಬೇಕು.