ಸಣ್ಣ ಚಕ್ರ ನಿಧಾನ ಅಂದವರು ಯಾರು?

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಸೈಕಲ್ ಅಂದ್ರೆ ಹಿರಿಯರಿಗೆ 28 ಇಂಚು ಚಕ್ರದ ಕಪ್ಪು ಸೈಕಲ್ಲೇ. ಸಣ್ಣ ಚಕ್ರ ಮಕ್ಕಳದ್ದು ಅಂತ ಲೆಕ್ಕ. ಅದನ್ನು ಅಡಿಮೇಲು ಮಾಡಿದ್ದು ಮಿನಿ ಕಾರಿನ ರಬ್ಬರ್ ಸಸ್ಪೆನ್ಷನ್ ರೂಪಿಸಿದ ಇಂಗ್ಲೆಂಡಿನ ಎಂಜಿನಿಯರ್ ಅಲೆಕ್ಸ್ ಮೌಲ್ಟನ್.

ಸಣ್ಣ ಚಕ್ರ ಹಗುರ, ಬೇಗ ವೇಗ ಹಿಡಿಯುತ್ತೆ, ಗಾಳಿಗೂ ಅಡ್ಡ ಕಡಿಮೆ. ಆದ್ರೆ ಗುಂಡಿಗೆ ಆಳವಾಗಿ ಇಳಿಯುತ್ತೆ, ಏಟು ಸೀದಾ ಬೆನ್ನಿಗೆ. ಮಳೆಗಾಲ ಮುಗಿದ ಮೇಲಿನ ನಮ್ಮ ಒಳರಸ್ತೆಯಲ್ಲಿ ಎಂತ ಕತೆ ಮಾರಾಯ್ರೆ! ಮೌಲ್ಟನ್ ಟೈರಿಗೆ ಗಟ್ಟಿ ಗಾಳಿ ತುಂಬಿಸಿ, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಕೊಟ್ಟ. 1962ರಲ್ಲಿ 16 ಇಂಚಿನ ಸೈಕಲ್ ಬಂತು. ಅದೇ ಡಿಸೆಂಬರಿನಲ್ಲಿ ಜಾನ್ ವುಡ್‌ಬರ್ನ್ ಅದರಲ್ಲೇ ಕಾರ್ಡಿಫ್‌ನಿಂದ ಲಂಡನ್‌ವರೆಗಿನ ದಾಖಲೆ ಮುರಿದ.

ಬಿ.ಕಾಂ. ಓದಿದ ನನಗೆ ಮಜಾ ಅನ್ಸೋದು ಮುಂದಿನ ಭಾಗ. ಮೊದಲು ಈ ವಿನ್ಯಾಸ ಬೇಡ ಅಂದಿದ್ದ ರಾಲೀ ಕಂಪನಿ 1965ರಲ್ಲಿ ತನ್ನದೇ ಸಣ್ಣ ಚಕ್ರದ ಸೈಕಲ್ ತಂತು. ಸಸ್ಪೆನ್ಷನ್ ಖರ್ಚು ಉಳಿಸಿ, ಕಡಿಮೆ ಗಾಳಿಯ ದಪ್ಪ ಟೈರ್ ಹಾಕಿತು. ತುಳಿದ್ರೂ ಮುಂದೆ ಹೋಗದ ಗಾಡಿ ಅದು. ಸಣ್ಣ ಚಕ್ರಕ್ಕೆ ಕೆಟ್ಟ ಹೆಸರು ತಂದದ್ದು ಇಂಥವೇ ಅನ್ನೋದು ನನ್ನ ವಾದ. 1967ರಲ್ಲಿ ರಾಲೀ ಮೌಲ್ಟನ್‌ನ ಸೈಕಲ್ ವ್ಯವಹಾರವನ್ನೇ ಕೊಂಡುಕೊಂಡಿತು!

1986ರಲ್ಲಿ ಜಿಮ್ ಗ್ಲೋವರ್ ಮೌಲ್ಟನ್ ಸೈಕಲ್‌ನಲ್ಲಿ ಗಂಟೆಗೆ 82 ಕಿ.ಮೀ. ದಾಟಿದ. ಗಾಳಿ ಸೀಳುವ ಕವಚ ಇತ್ತು ಅನ್ನಿ. ಆದ್ರೂ ಚಕ್ರ ಸಣ್ಣದೇ.